ನೆರಳು ತೊಳೆಯುವವರು

ನಾನು ಮದುವೆಯಾಗಿ ಈ ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅತ್ತೆಯವರು ನನ್ನ ಕೈಗೆ ಒಂದು ಹಿಡಿ ತೆಂಗಿನ ನಾರು ಕೊಟ್ಟು, “ಅಂಗಳದಾಗ ನಿನ್ನೆ ಬೀಗರು ನಿಂತ ನೆರಳು ಹಂಗ ಬಿದ್ದಾವು. ಬಿಸಲು ಏರೂದ್ರಾಗ ತೊಳದು ಬಾರವಾ” ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಹೊರಗೆ ಹೋಗಿ ನೋಡಿದರೆ ನಿಜವಾಗಿಯೂ ಕಲ್ಲುಹಾಸಿನ ಮೇಲೆ ನನ್ನ ಸೋದರಮಾವನ ರುಮಾಲು, ಚಿಕ್ಕಮ್ಮನ ತುರುಬು, ಯಾರದೋ ಕಂಕುಳಲ್ಲಿದ್ದ ಕೂಸಿನ ಕಾಲು, ಎಲ್ಲ ಕಪ್ಪಗೆ ಬಿದ್ದುಕೊಂಡಿದ್ದವು. ಅವರೆಲ್ಲ ಹಿಂದಿನ ಸಂಜೆಯೇ ಬಸ್ಸು ಹತ್ತಿ ಹೋಗಿದ್ದರು.

ನನ್ನ ತವರಿನಲ್ಲಿ ನೆರಳು ಮನುಷ್ಯರ ಹಿಂದೆಯೇ ಹೋಗುತ್ತದೆ. ಇಲ್ಲಿ ಒಮ್ಮೆ ಬಿದ್ದ ನೆರಳು ಬೇಗ ಏಳುವುದಿಲ್ಲ. ಎಲೆಯಡಿಕೆ ಬಾಯಿಗೆ ಹಾಕಿ ಜಗಿದು ಮುಗಿಸುವಷ್ಟು ಹೊತ್ತು ಒಂದೇ ಕಡೆ ನಿಂತರೆ ಅಂಟಿಬಿಡುತ್ತದೆ. ಕಟ್ಟಿದ ಮನೆ, ನೆಟ್ಟ ಮರ, ಹೂತ ಕಂಬ, ಇವುಗಳ ನೆರಳು ಅಂಟುವುದಿಲ್ಲ; ಎದ್ದು ಹೋಗುವವರ ನೆರಳು ಮಾತ್ರ ಅಂಟುತ್ತದೆ. ಯಾಕೆ ಎಂದು ನಾನು ಕೇಳಲಿಲ್ಲ, ಅತ್ತೆಯವರು ಹೇಳಲೂ ಇಲ್ಲ. “ಅಂಟವಾಳದ ನೀರು ಉಗುರುಬೆಚ್ಚಗ ಇರಲಿ, ತಣ್ಣೀರಿಗೆ ಅದು ಬಿಡೂದುಲ್ಲ” ಎಂದಷ್ಟೇ ಹೇಳಿಕೊಟ್ಟರು. ಎರಡು ತಿಂಗಳಲ್ಲಿ ನನಗೂ ರೂಢಿಯಾಯಿತು. ಬಿಸಿಲಲ್ಲಿ ನಿಂತು ಮಾತಾಡುವಾಗ ನಾನೂ ಇಲ್ಲಿಯವರಂತೆ ಸುಮ್ಮನೆ ಅತ್ತಿತ್ತ ಹೆಜ್ಜೆ ಬದಲಿಸುತ್ತ ಮಾತಾಡತೊಡಗಿದೆ. ಬಸ್‌ಸ್ಟ್ಯಾಂಡಿನ ಗೋಡೆಯನ್ನು ವಾರಕ್ಕೊಮ್ಮೆ ತೊಳೆಯುತ್ತಾರೆ, ಹಾಲಿನ ಡೇರಿಯ ಮುಂದಿನ ನೆಲವನ್ನು ದಿನವೂ. ಕದ್ದು ಭೇಟಿಯಾಗುವವರು ಹುಣಸೆಮರದ ಬುಡಕ್ಕೆ ಹೋಗುತ್ತಾರೆ. ನೆರಳೊಳಗಿನ ನೆರಳು ಅಂಟುವುದಿಲ್ಲವೆಂದು ಊರಿಗೆಲ್ಲ ಗೊತ್ತು, ಆದ್ದರಿಂದ ಹುಣಸೆಮರದ ಕಡೆ ಹೋದವರ ಗುಟ್ಟೂ ಊರಿಗೆಲ್ಲ ಗೊತ್ತು.

ಈ ಊರಿಗೆ ಲೈನಿನ ಕರೆಂಟು ಬರಲೇ ಇಲ್ಲ. ಕಂಬಗಳು ಬಂದು ನಿಂತವು, ತಂತಿ ಬರಲಿಲ್ಲ. ಹಾಗಾಗಿ ಮನೆಮನೆಯ ಮೇಲೂ ಸೋಲಾರ್ ಪ್ಲೇಟುಗಳಿವೆ. ದೀಪ, ಫ್ಯಾನು, ಮಿಕ್ಸರ್, ಎಲ್ಲ ಅದರಿಂದಲೇ ನಡೆಯಬೇಕು. ತೊಂದರೆ ಏನೆಂದರೆ, ಪ್ಲೇಟಿನ ಮೇಲಂಚು ಕಾಗೆಗಳಿಗೆ ಬಲು ಇಷ್ಟ. ಒಂದು ಕಾಗೆ ಬಂದು ಕೂತು, ಕೊಕ್ಕು ತಿಕ್ಕಿಕೊಂಡು, ನಾಲ್ಕು ಮಾತಾಡಿ ಹಾರಿಹೋದರೆ ಅದರ ನೆರಳು ಅಲ್ಲೇ ಉಳಿಯುತ್ತದೆ. ಅಂಗೈಯಗಲದ ಒಂದು ನೆರಳಿಗೆ ಕೆಳಗೆ ಫ್ಯಾನು ಸೋತು ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಪ್ಲೇಟಿನ ಮೇಲೆ ಬೊಂಬೆ ಕಟ್ಟಿ ನೋಡಿದರು. ಕಾಗೆಗಳು ಬೊಂಬೆಯ ತಲೆಯ ಮೇಲೆ ಕೂತವು, ಬೊಂಬೆ ಗಾಳಿಗೆ ಕಳಚಿ ಬಿದ್ದು ತನ್ನ ನೆರಳನ್ನೂ ಬಿಟ್ಟುಹೋಯಿತು.

ಪ್ಲೇಟು ತೊಳೆಯಲು ಊರಲ್ಲಿ ಆರು ಜನ ಹೆಂಗಸರಿದ್ದೆವು. ನಮಗೆಲ್ಲ ಮುಂದಾಳು ದಾನವ್ವಕ್ಕ. ಅವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಗಂಡಂದಿರಿಬ್ಬರೂ ಹಂಚಿನ ಭಟ್ಟಿಗೆ ಹೋದರೆ ನಾವಿಬ್ಬರೂ ನಿಚ್ಚಣಿಕೆ ಹೊತ್ತು ಹೊರಡುತ್ತಿದ್ದೆವು. ದಾನವ್ವಕ್ಕ ಬೈಯುವುದರಲ್ಲಿ ಎತ್ತಿದ ಕೈ. ತನಗೆ ಬೇಕಾದವರನ್ನು ಹೆಚ್ಚು ಬೈಯುತ್ತಿದ್ದಳು, ಬೇಡವಾದವರಿಗೆ ಬಹುವಚನ ಕೊಡುತ್ತಿದ್ದಳು. ನೆರಳಿನ ಅಂಚು ನೋಡಿ ಅದು ಎಷ್ಟು ದಿನದ್ದು, ಕಾಗೆಯದೋ ಪಾರಿವಾಳದ್ದೋ ಹೇಳಿಬಿಡುತ್ತಿದ್ದಳು. ಕೆಲಸಕ್ಕೆ ಒಂದು ಕ್ರಮವಿತ್ತು. ಒಬ್ಬಳು ಕೆಳಗೆ ನೀರು ಕಾಯಿಸಿ ಅಂಟವಾಳ ಕಲೆಸುವುದು, ಇಬ್ಬರು ನಿಚ್ಚಣಿಕೆಯ ಮೇಲೆ ನಿಂತು ಬಿಂದಿಗೆ ಕೈಯಿಂದ ಕೈಗೆ ದಾಟಿಸುವುದು, ಇನ್ನಿಬ್ಬರು ಮೇಲೆ ತಿಕ್ಕುವುದು, ಒಬ್ಬಳು ಹಗ್ಗ ಹಿಡಿಯುವುದು. ಸಪಾಟು ಮಾಳಿಗೆಯ ಮನೆಗಳದ್ದು ಸಲೀಸು. ಪತ್ರಾಸಿನ, ಅಂದರೆ ತಗಡಿನ, ಇಳಿಜಾರು ಚಾವಣಿ ಬಂದರೆ ಎಲ್ಲರೂ ಮಾತು ಕಡಿಮೆ ಮಾಡುತ್ತಿದ್ದೆವು.

ಸುಶೀಲಾಬಾಯಿಯವರ ಮನೆಯದು ಪತ್ರಾಸಿನ ಚಾವಣಿ. ಅವರು ಮನೆಯಲ್ಲೇ ಶಾವಿಗೆ ಮಷಿನ್ ಇಟ್ಟುಕೊಂಡಿದ್ದರು. ನಡುವೆ ಕರೆಂಟು ನಿಂತರೆ ನಾದಿದ ಹಿಟ್ಟು ಮಷಿನ್ನಿನ ಬಾಯಲ್ಲೇ ಒಣಗಿ ಕೂರುತ್ತದೆ, ಆದ್ದರಿಂದ ಎಂಟು ದಿನಕ್ಕೊಮ್ಮೆ ನಮ್ಮನ್ನು ಕರೆಸುತ್ತಿದ್ದರು. ಒಂದು ದಿನ ಉಳಿದ ನಾಲ್ವರು ಇನ್ನೊಂದು ಓಣಿಗೆ ಹೋಗಿದ್ದರು, ಬಂದವರು ನಾವಿಬ್ಬರೇ. ನನ್ನ ತಂಗಿಯನ್ನು ನೋಡಲು ಗಂಡಿನವರು ಬರುವುದಿತ್ತು, ಮಧ್ಯಾಹ್ನದ ಬಸ್ಸಿಗೆ ನಾನು ತವರಿಗೆ ಹೊರಡಬೇಕಿತ್ತು. ಮೇಲೆ ಒಂದು ಹಳೆಯ ಪಾರಿವಾಳದ ನೆರಳು ಬಹಳ ಗಟ್ಟಿಯಾಗಿ ಕೂತಿತ್ತು. ಒಂದೇ ತಿಕ್ಕಿಗೆ ಹೋಗಲಿ ಎಂದು ನಾನು ಅಂಟವಾಳವನ್ನು ಎರಡು ಪಟ್ಟು ಹಾಕಿ ಕಲೆಸಿ ಬಿಂದಿಗೆ ಮೇಲಕ್ಕೆ ಕೊಟ್ಟೆ. ದಾನವ್ವಕ್ಕ ಸುರಿದಳು. ನೊರೆ ಪ್ಲೇಟಿನಿಂದ ಇಳಿದು ಪತ್ರಾಸಿನ ಮೇಲೆ ಹರಿಯಿತು. ಅವಳು ಇನ್ನೊಂದು ಪ್ಲೇಟಿನ ಕಡೆ ಕಾಲು ಎತ್ತಿಟ್ಟಳು. ಕೂಗಲಿಲ್ಲ. ಪತ್ರಾಸು ದಡದಡ ಸದ್ದು ಮಾಡಿದ್ದು ಕೇಳಿತು, ಆಮೇಲೆ ಅವಳು ನನ್ನ ಪಕ್ಕದಲ್ಲೇ ಒರಳುಕಲ್ಲಿನ ಹತ್ತಿರ ಬಿದ್ದಿದ್ದಳು.

ತಾಲ್ಲೂಕಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಬೆನ್ನೆಲುಬಿನ ಕೆಳಗೆ ಪೆಟ್ಟು ಬಿದ್ದಿತ್ತು. ಸೊಂಟದ ಕೆಳಗೆ ಇನ್ನು ಶಕ್ತಿ ಬರುವುದು ಕಷ್ಟ ಎಂದು ಡಾಕ್ಟರು ನನ್ನ ಭಾವನವರನ್ನು ಹೊರಗೆ ಕರೆದು ಹೇಳಿದರು. ದಾನವ್ವಕ್ಕನಿಗೆ ಯಾರೂ ಹೇಳಲಿಲ್ಲ, ಆದರೆ ಮನೆಗೆ ಬಂದ ದಿನವೇ ಅವಳು, “ನನ್ನ ಚಪ್ಪಲಿ ಯಾರಿಗರೆ ಕೊಟ್ಟುಬಿಡು, ಹೊಸಾವದಾವ” ಎಂದಳು. ಅವಳ ಮಂಚವನ್ನು ಪಡಸಾಲೆಯ ಕಿಟಕಿಯ ಹತ್ತಿರ ಹಾಕಿದೆವು. ಮೀಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲ ನಾನೇ ಮಾಡಿದೆ. ಊರಿನವರು ನನ್ನನ್ನು ಹೊಗಳಿದರು. ಸ್ವಂತ ಅಕ್ಕನಿಗೂ ಯಾರೂ ಹೀಗೆ ಮಾಡುವುದಿಲ್ಲ ಎಂದರು. ಆ ಮಾತು ಕೇಳಿದಾಗಲೆಲ್ಲ ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ. ಅಂಟವಾಳದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ ಸಹ.

ಮುಂದೆ ನನಗೆ ನಿಚ್ಚಣಿಕೆ ಹತ್ತಲಾಗಲಿಲ್ಲ. ಮೂರನೆಯ ಮೆಟ್ಟಿಲಿಗೆ ಕಾಲು ಕಟ್ಟಿ ಬೀಳುತ್ತಿತ್ತು. ನಮ್ಮ ಆರು ಜನರ ಪೈಕಿ ದಾನವ್ವಕ್ಕನ ನಂತರದವಳು ಮಲಕವ್ವ. ಗಟ್ಟಿ ಹೆಂಗಸು, ಮೂರು ಮಕ್ಕಳನ್ನು ಒಬ್ಬಳೇ ದೊಡ್ಡವರನ್ನಾಗಿ ಮಾಡಿದವಳು. ಅವಳು, “ನೀ ಕೆಳಗಿನ ಕೆಲಸ ನೋಡು, ಮ್ಯಾಲ ನಾವದೇವಿ” ಎಂದಳು. ಅಂಟವಾಳ ಕಲೆಸುವ ಕೆಲಸವದು. ನನ್ನಿಂದ ಅದೂ ಆಗಲಿಲ್ಲ. ಒಂದು ದಿನ ನೊರೆ ನೋಡುತ್ತ ನೋಡುತ್ತ ನನಗೆ ಸಿಟ್ಟೇ ಬಂತು. ಒಂದು ಕಾಗೆ ಕೂತದ್ದಕ್ಕೆ ಮನೆಯೆಲ್ಲ ಯಾಕೆ ಕತ್ತಲಾಗಬೇಕು? ಕಾಗೆಯಷ್ಟು ಕರೆಂಟು ಕಡಿಮೆಯಾಗಲಿ, ಒಪ್ಪೋಣ. ಪೂರ್ತಿ ಯಾಕೆ ನಿಲ್ಲಬೇಕು? ಈ ಪ್ರಶ್ನೆಯನ್ನು ಸೆರಗಿಗೆ ಕಟ್ಟಿಕೊಂಡು ದಾವಲಸಾಬರ ಹತ್ತಿರ ಹೋದೆ.

ದಾವಲಸಾಬರು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು. ರೇಡಿಯೋ ಹೋಗಿ ಟಿವಿ ಬಂತು, ಅದನ್ನೂ ಮಾಡಿದರು. ಈಗ ಕಣ್ಣು ಮಂಜಾಗಿ ಅಂಗಡಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಅವರು ಒಂದು ಹಳೆಯ, ಗಾಜು ಸೀಳಿದ ಪ್ಲೇಟನ್ನು ಹೊರಗೆ ತಂದು ಬಿಸಿಲಿಗಿಟ್ಟರು.

“ಇದರಾಗ ಎಷ್ಟು ಚೌಕ ಅದಾವ, ಎಣಸು ತಂಗಿ.”

“ಮೂವತ್ತಾರು.”

“ಒಂಬತ್ತರ ನಾಕು ಸಾಲು. ಎಲ್ಲಾ ಒಂದರ ಬಾಲ ಇನ್ನೊಂದು ಹಿಡದು ನಿಂತಾವ. ಕರೆಂಟು ಒಂದನೇ ಚೌಕದಿಂದ ಎರಡನೇದಕ್ಕ, ಎರಡರಿಂದ ಮೂರಕ್ಕ, ಹಿಂಗ ದಾಟಿ ಬರಬೇಕು. ನಡುವ ಒಂದರ ಮ್ಯಾಲ ನೆಳ್ಳು ಬಿತ್ತಂದ್ರ ಆ ಚೌಕ ಬಾಗಲಾ ಹಾಕ್ಕೋತೈತಿ. ಹಿಂದಿನಾವು ಎಷ್ಟ ದುಡದ್ರೂ ಮುಂದ ಹೋಗಾಕ ದಾರಿ ಇಲ್ಲ.”

ಅವರು ಪ್ಲೇಟಿನ ತಂತಿಗೆ ಒಂದು ಮೀಟರು ಹಚ್ಚಿ, ಒಂದು ಚೌಕದ ಮೇಲೆ ಅಂಗೈ ಇಟ್ಟರು. ಮೀಟರಿನ ಮುಳ್ಳು ಸರ್ರನೆ ಕೆಳಗಿಳಿಯಿತು. ಕೈ ತೆಗೆದರು, ಏರಿತು. ನನಗೆ ನಮ್ಮ ನಿಚ್ಚಣಿಕೆಯ ಸಾಲು ಕಣ್ಣಿಗೆ ಕಟ್ಟಿತು. ಬಿಂದಿಗೆ ದಾಟಿಸುವಾಗ ನಡುವಿನವಳು ಸೆರಗು ಸರಿಮಾಡಿಕೊಳ್ಳುತ್ತ ನಿಂತುಬಿಟ್ಟರೆ ಕೆಳಗೆ ಎಷ್ಟು ನೀರಿದ್ದರೂ ಮೇಲೆ ಹನಿಯೂ ಬರುವುದಿಲ್ಲ. ಆಗ ನಾವೇನು ಮಾಡುತ್ತಿದ್ದೆವು? ಕೆಳಗಿನವಳು ಅವಳ ಪಕ್ಕದಿಂದ ಕೈ ಚಾಚಿ ಮೇಲಿನವಳಿಗೇ ನೇರ ಕೊಟ್ಟುಬಿಡುತ್ತಿದ್ದಳು.

“ಸಾಬರ, ಬಾಗಲಾ ಹಾಕ್ಕೊಂಡ ಚೌಕಿನ ಬಾಜೂಕಿಂದ ಒಂದು ಸಂದಿ ಮಾಡಾಕ ಬರೂದುಲ್ಲೇನ್ರಿ?”

ದಾವಲಸಾಬರು ಒಂದು ಡ್ರಾಯರ್ ಎಳೆದು, ಅಕ್ಕಿಕಾಳಿನಷ್ಟು ದಪ್ಪದ, ಎರಡೂ ಕಡೆ ತಂತಿಯಿದ್ದ ಕಪ್ಪು ಸಾಮಾನುಗಳನ್ನು ನನ್ನ ಅಂಗೈಗೆ ಸುರಿದರು. “ಡಯೋಡು. ಒಂದ ಕಡೆ ಬಿಡತೈತಿ, ಇನ್ನೊಂದ ಕಡೆ ಬಿಡೂದುಲ್ಲ. ಹೊಸಾ ಪ್ಲೇಟಿನಾಗ ಕಂಪನಿಯವರ ಹಾಕಿರ್ತಾರ, ಎರಡೋ ಮೂರೋ. ನಮ್ಮೂರಾಗಿನ ಕಾಗಿ ನೆಳ್ಳಿಗೆ ಎರಡು ಸಾಲೂದುಲ್ಲ. ಹಗಲೆಲ್ಲಾ ಅಂಟಿಕೊಂಡಿದ್ದರ ಅವೂ ಕಾದು ಕಾದು ಸುಟ್ಟ ಹೋಗ್ತಾವ. ಮೂರು ಚೌಕಿಗೆ ಒಂದರಂಗ ಹಾಕಿದ್ರ ಏನಾಕ್ಕೈತೋ ಯಾರಿಗೆ ಗೊತ್ತು. ನನ್ನ ಕಣ್ಣು ಸರಿ ಇಲ್ಲ. ನೀ ಮಾಡತಿ ಅಂದ್ರ ನಾ ಹೇಳತೇನಿ.”

ಆ ಸೀಳಿದ ಪ್ಲೇಟನ್ನು ಮನೆಗೆ ಹೊತ್ತು ತಂದೆ. ಅದರ ಬೆನ್ನಿನ ಬಿಳಿಯ ಹಾಳೆಯನ್ನು ಕಾದ ಚಾಕುವಿನಿಂದ ಕಿಟಕಿ ಕಿಟಕಿಯಾಗಿ ಕೊಯ್ದು, ಒಳಗಿನ ಬೆಳ್ಳಿ ಬಣ್ಣದ ಪಟ್ಟಿಗಳಿಗೆ ಡಯೋಡಿನ ತಂತಿ ಬೆಸೆಯಬೇಕಿತ್ತು. ನಾನು ಬೆಸೆದದ್ದು ಬೆಳಿಗ್ಗೆ ಹಿಡಿದುಕೊಂಡು ಸಂಜೆ ಬಿಟ್ಟುಬಿಡುತ್ತಿತ್ತು. ಎರಡು ಚೌಕಗಳನ್ನು ಒತ್ತಿ ಸೀಳಿಬಿಟ್ಟೆ. ಮೂರನೆಯ ದಿನ ಡಯೋಡುಗಳು ಕಾದು ಬೆನ್ನಿನ ಹಾಳೆ ಕರಗಿ, ಪಡಸಾಲೆಯೆಲ್ಲ ಸುಟ್ಟ ರಬ್ಬರಿನ ನಾತ. ಅಲ್ಲಿಯವರೆಗೆ ಕಿಟಕಿಯ ಕಡೆ ಮುಖಮಾಡಿ ಮಲಗಿರುತ್ತಿದ್ದ ದಾನವ್ವಕ್ಕ ತಿರುಗಿ ನೋಡಿದಳು.

“ಏನ್ ಮಾಡಾಕತ್ತೀದಿ ಅದು? ಹುಗ್ಗಿ ತಿರುವಿದಂಗ ತಿರುವತಿ ಕೋಲನ್ನ. ಕೈಯೇನು ಕಾಲೇನು ಅವು? ತಾ ಇಲ್ಲೆ.”

ಅವಳ ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿ, ಮಡಿಲಿಗೆ ಹಲಗೆ ಇಟ್ಟು, ಅದರ ಮೇಲೆ ಪ್ಲೇಟು ಇಟ್ಟೆ. ಒಲೆಯಲ್ಲಿ ಕಾಯಿಸಿದ ತಾಮ್ರದ ಮೂತಿಯ ಕೋಲನ್ನು ಅವಳು ಹಿಡಿದ ರೀತಿ ನೋಡಬೇಕಿತ್ತು. ಗಾಜಿಗೆ ಗೀರು ಬೀಳದಂತೆ ಹದಿನಾರು ವರ್ಷ ನಾರು ತಿಕ್ಕಿದ ಕೈ ಅದು. ಎಷ್ಟು ಒತ್ತಬೇಕು ಎಂಬುದು ಆ ಕೈಗೆ ಹೇಳಿಕೊಡದೆಯೇ ಗೊತ್ತಿತ್ತು. ಮೂತಿ ಮುಟ್ಟಿಸಿದಳು, ಬೆಸುಗೆ ಕರಗಿ ತುಪ್ಪದಂತೆ ಹರಡಿತು, ಕೋಲು ಎತ್ತಿದಳು. ನಾನು ಎಳೆದು ನೋಡಿದೆ, ಬರಲಿಲ್ಲ. “ಇದು ಇಷ್ಟ ಕಾಯ್ತೈತಿ ಅಂದ್ರ ಒಳಗ ಯಾಕ ಇಡಬೇಕು? ತಂತಿ ಉದ್ದ ಬಿಟ್ಟು ಹೊರಗ ಚೌಕಟ್ಟಿನ ಲೋಹಕ್ಕ ಹಚ್ಚು. ಗಾಳಿ ತಗೊಂಡು ತಣ್ಣಗಿರತೈತಿ” ಎಂದಳು. ನಾನು ಹೋಗಿ ದಾವಲಸಾಬರಿಗೆ ಹೇಳಿದೆ. “ನಿನ್ನ ನೆಗೆಣ್ಣಿ ನನ್ನ ಅಂಗಡ್ಯಾಗ ಇದ್ದಿದ್ರ ನಾ ಯಾವಾಗೋ ಸಾವಕಾರ ಆಗಿರ್ತಿದ್ದೆ” ಎಂದರು, ಸ್ವಲ್ಪ ದಪ್ಪನೆಯ ಡಯೋಡುಗಳನ್ನು ಹುಡುಕಿ ಕೊಟ್ಟರು.

ಹೀಗೆ ಒಂದು ತಿಂಗಳು ನಡೆಯಿತು. ಮಳೆ ನೀರು ಒಳಗೆ ಇಳಿಯಿತು, ಕೊಯ್ದ ಕಿಟಕಿಗಳಿಗೆ ಬೇರೆ ಅಂಟು ಹುಡುಕಿದೆವು. ಒಂದು ಮಧ್ಯಾಹ್ನ, ಹನ್ನೆರಡು ಡಯೋಡುಗಳೂ ಕೂತ ಪ್ಲೇಟನ್ನು ಅಂಗಳಕ್ಕೆ ಒಯ್ದು, ಅದರ ಮುಂದೆ ತಟ್ಟೆಯೊಂದನ್ನು ಹಿಡಿದು ಅದರ ನೆರಳು ಅಂಟುವವರೆಗೆ ನಿಂತೆ. ತಟ್ಟೆ ತೆಗೆದು ಮೀಟರು ಹಚ್ಚಿದೆ. ಮುಳ್ಳು ಒಂದೆರಡು ಗೆರೆ ಇಳಿದು ಅಲ್ಲೇ ನಿಂತಿತು. ಕಿಟಕಿಯೊಳಗಿಂದ ದಾನವ್ವಕ್ಕ, “ಎಷ್ಟೈತಿ?” ಎಂದು ಕೂಗಿದಳು. ಹೇಳಿದೆ. ಅವಳು ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ಕೇಳಿದ ಕೂಡಲೇ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವಳ ಮಂಚದ ಕಾಲು ಹಿಡಿದು ಕೂತು, ಆ ದಿನ ಅಂಟವಾಳ ಎರಡು ಪಟ್ಟು ಹಾಕಿದ್ದು ನಾನೇ ಎಂದು ಹೇಳಿಬಿಟ್ಟೆ. ಬಸ್ಸು, ತಂಗಿ, ಪಾರಿವಾಳದ ನೆರಳು, ಎಲ್ಲ ಹೇಳಿದೆ.

ದಾನವ್ವಕ್ಕ ಹಲಗೆಯ ಮೇಲೆ ಚೆಲ್ಲಿದ ಬೆಸುಗೆಯ ಮಣಿಗಳನ್ನು ಉಗುರಿನಿಂದ ಒಂದೊಂದಾಗಿ ಆಯ್ದು ಡಬ್ಬಿಗೆ ಹಾಕಿದಳು.

“ನನಗ ಗೊತ್ತಿತ್ತು,” ಎಂದಳು. “ಬಿಂದಿಗಿ ಕೈಗೆ ಬಂದ ಕೂಡಲೆ ಗೊತ್ತಾತು. ಹದಿನಾರು ವರ್ಷ ಆತು ಆ ನೊರಿ ನೋಡಾಕ ಹತ್ತಿ, ಗೊತ್ತಾಗೂದುಲ್ಲೇನು? ತಿರುಗಿ ಕೆಳಗ ಕೊಡಬೇಕಿತ್ತು. ಕೊಡಲಿಲ್ಲ. ನನಗೂ ಲಗೂನ ಮನಿಗೆ ಬರೂದಿತ್ತು, ಹಪ್ಪಳ ಒಣಾ ಹಾಕಿದ್ದೆ.” ಆಮೇಲೆ ದನಿ ಏರಿಸಿ, “ಆರು ತಿಂಗಳು ಇದನ್ನ ಹೊಟ್ಟ್ಯಾಗ ಇಟ್ಕೊಂಡು ನನ್ನ ಮಕಾ ತೊಳದ್ಯಾ, ಮೂಳ? ಮೊದಲ ಹೇಳಿದ್ರ ನಾಕು ಬೈದು ಮುಗಿಸ್ತಿದ್ದೆ. ನಾ ಏನೋ, ಇಕಿ ನನ್ನ ಮ್ಯಾಲಿನ ಪ್ರೀತಿಗೆ ಸ್ವಾರಗತಾಳ ಅಂತ ತಿಳಕೊಂಡಿದ್ದೆ” ಎಂದಳು. ನಾನು ಅಳುತ್ತಿದ್ದೆ. ಅವಳೂ ಕಣ್ಣೊರೆಸಿಕೊಂಡಳು, ಕೋಲು ಕಾಯಿಸಲು ಹೇಳಿದಳು. ಕ್ಷಮಿಸಿದ್ದೇನೆ ಎಂದು ಅವಳು ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಆದರೆ ಆ ದಿನದಿಂದ ನನ್ನನ್ನು ಬೈಯುವುದು ಹೆಚ್ಚಾಯಿತು.

ಮೊದಲು ಹಾಕಿ ನೋಡಲು ಒಪ್ಪಿದವರು ಸುಶೀಲಾಬಾಯಿ. ತಮ್ಮ ಮನೆಯಲ್ಲಿ ಬಿದ್ದಳಲ್ಲ ಎಂಬ ಸಂಕಟ ಅವರಿಗೂ ಇತ್ತು. ಅವರ ಎರಡು ಪ್ಲೇಟುಗಳನ್ನು ಕೆಳಗಿಳಿಸಿ ತಂದು ಡಯೋಡು ಕೂರಿಸಿದೆವು. ಮತ್ತೆ ಮೇಲೆ ಇಡುವಾಗ ದಾನವ್ವಕ್ಕ ಇನ್ನೊಂದು ಮಾತು ಹೇಳಿ ಕಳಿಸಿದ್ದಳು: ಉದ್ದಕ್ಕೆ ನಿಲ್ಲಿಸಬೇಡಿ, ಅಡ್ಡ ಮಲಗಿಸಿ. ಕಾಗೆ ಯಾವಾಗಲೂ ಮೇಲಂಚಿಗೇ ಕೂರುತ್ತದೆ. ಪ್ಲೇಟು ಉದ್ದಕ್ಕಿದ್ದರೆ ಆ ನೆರಳು ನಾಲ್ಕು ಸಾಲಿಗೂ ತಗಲುತ್ತದೆ, ಅಡ್ಡ ಇದ್ದರೆ ಮೇಲಿನ ಒಂದೇ ಸಾಲಿಗೆ. ಎಷ್ಟು ಕಾಗೆ ಬಂದರೂ ಒಂದೇ ಸಾಲು ಕೆಡುತ್ತದೆ. ದಾವಲಸಾಬರು ಇದನ್ನು ಕೇಳಿ ತಮ್ಮ ಮಂಜುಗಣ್ಣನ್ನು ಒರೆಸಿಕೊಂಡು, “ಹೌದಲ್ಲ!” ಎಂದರು.

ಸುಶೀಲಾಬಾಯಿಯವರಿಗೆ ಮಾತ್ರ ಒಂದು ಅಳುಕಿತ್ತು. “ಇನ್ನ ತೊಳಿಯೂದೇ ಬ್ಯಾಡ ಅಂತೀಯೇನು? ಮನೀ ನೆತ್ತಿ ಮ್ಯಾಲೆ ಕಾಗಿ ನೆರಳು ಇಟ್ಟುಕೊಂಡು ಹೆಂಗ ಇರೂದವಾ? ಛಲೋ ಕಾಣಸ್ತದೇನು?”

“ಎಂಟ ದಿನ ನೋಡ್ರಿ ಬಾಯಾರ. ಬ್ಯಾಡಾದ್ರ ನಾ ತೊಳದ ಕೊಡತೇನಿ.”

ಎಂಟು ದಿನದಲ್ಲಿ ಹತ್ತೊಂಬತ್ತು ನೆರಳು ಕೂತವು. ಒಂಬತ್ತನೆಯ ದಿನ ಅವರು ಬೀಗರ ಮನೆಗೆ ಶಾವಿಗೆ ಮಾಡಲು ಹಿಟ್ಟು ನಾದಿ ಮಷಿನ್ ಹಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಮಷಿನ್ ಎರಡೂವರೆ ತಾಸು ನಡೆಯಿತು. ಸ್ವಲ್ಪ ನಿಧಾನ ನಡೆಯಿತು, ಆದರೆ ನಿಲ್ಲಲಿಲ್ಲ. ಸುಶೀಲಾಬಾಯಿ ಹಗ್ಗದ ಮೇಲೆ ಕೊನೆಯ ಎಳೆ ಹಾಕಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಚಾವಣಿಯ ಕಡೆ ನೋಡಿ, “ಇರವಲ್ಲವ್ಯಾಕ, ಕೂತಿರಲಿ ಬಿಡು” ಎಂದರು.

ಸುದ್ದಿ ಹರಡಿತು. ಎರಡು ತಿಂಗಳಲ್ಲಿ ಹದಿನೇಳು ಮನೆಯವರು ಪ್ಲೇಟು ತಂದು ನಮ್ಮ ಅಂಗಳದಲ್ಲಿಟ್ಟರು. ತೊಳೆಯಲು ಹೆಚ್ಚಾಗಿ ನಮ್ಮನ್ನು ಕರೆಸುತ್ತಿದ್ದವರೇ ಆ ಹದಿನೇಳು ಮನೆಯವರು; ಅವರೆಲ್ಲ ತೊಳೆಯುವವರನ್ನು ಕರೆಯುವುದು ಬಿಟ್ಟರು. ಇದನ್ನು ನಾನು ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ. ಒಂದು ಬೆಳಿಗ್ಗೆ ಮಲಕವ್ವ ಮತ್ತು ಉಳಿದ ಮೂವರು ನಿಚ್ಚಣಿಕೆಯ ಸಮೇತ ಬಂದು ಅದನ್ನು ನಮ್ಮ ಬಾಗಿಲಿಗೆ ಅಡ್ಡ ಇಟ್ಟರು.

“ತಗೋರವಾ, ಇದನ್ನೂ ನೀವ ಇಟ್ಕೋರಿ,” ಎಂದಳು ಮಲಕವ್ವ. “ನಮಗಿನ್ನ ಇದರ ಕೆಲಸ ಏನೈತಿ? ಒಂದ ಗಂಗಾಳದಾಗ ಉಂಡಾವರ ನಾವು. ನೀ ನಮ್ಮ ಗಂಗಾಳ ತಗೊಂಡು ಹೋದಿ, ಸಾವಂತ್ರಿ.”

ಒಳಗಿನಿಂದ ದಾನವ್ವಕ್ಕ, “ಒಳಗ ಬರ್ರಿ, ಹೊರಗ ಬಿಸಲಾಗ ನಿಂತು ನನ್ನ ಅಂಗಳಾ ಕರಿ ಮಾಡಬ್ಯಾಡ್ರಿ” ಎಂದು ಕೂಗಿದಳು. ಬಂದು ನೆಲದ ಮೇಲೆ ಕೂತರು. ಅವಳು ಬೈಯಲಿಲ್ಲ. ಒಬ್ಬೊಬ್ಬರನ್ನೇ ಕೇಳಿದಳು, ಯಾವ ಮನೆಯ ಚಾವಣಿ ಎಂದರೆ ನಿನಗೆ ಹಿಂದಿನ ದಿನದಿಂದಲೇ ಅಂಜಿಕೆ ಶುರುವಾಗುತ್ತದೆ? ಒಬ್ಬಳು ಎಣ್ಣೆ ಗಾಣದ ಮನೆ ಎಂದಳು, ಇನ್ನೊಬ್ಬಳು ಹಳೆಯ ಶಾಲೆ ಎಂದಳು, ಮೂರನೆಯವಳು ತಾನು ಹೋದ ಶ್ರಾವಣದಲ್ಲಿ ಜಾರಿ ಅಂಚಿನ ಪಟ್ಟಿ ಹಿಡಿದು ನೇತಾಡಿದ್ದನ್ನು ಹೇಳಿದಳು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಲಕವ್ವ ಮಾತ್ರ, “ನನಗ ಯಾವ ಮನೀದೂ ಅಂಜಿಕಿಲ್ಲ” ಎಂದಳು.

“ಅಂಜಿಕಿಲ್ಲದಾಕಿ ನಾನೂ ಇದ್ದೆ,” ಎಂದಳು ದಾನವ್ವಕ್ಕ. “ನೋಡ್ರಿ, ನಾ ದೊಡ್ಡ ಮಾತು ಹೇಳೂದುಲ್ಲ. ಇಲ್ಲೆ ಕುಂದರ್ರಿ, ಕಲೀರಿ. ಊರಾಗ ಇನ್ನೂ ನಾಕುನೂರು ಮನಿ ಅದಾವು.”

“ನಾಕುನೂರು ಮುಗದ ಮ್ಯಾಲ?”

ಕೇಳಿದವಳು ಮಲಕವ್ವ. ದಾವಲಸಾಬರು ಬೇರೆ ಊರುಗಳಿವೆ ಎಂದಿದ್ದರು. ಅಲ್ಲಿ ನೆರಳು ಅಂಟುವುದಿಲ್ಲ, ಆದರೆ ಪ್ಲೇಟಿನ ಮೇಲೆ ಟ್ಯಾಂಕಿನ ನೆರಳು, ತೆಂಗಿನ ಗರಿಯ ನೆರಳು ಬೀಳುವುದಂತೂ ಇದ್ದೇ ಇದೆ, ಅವರಿಗೂ ಇದು ಬೇಕಾಗುತ್ತದೆ ಎಂದು. ಅದನ್ನೇ ಹೇಳಿದೆ. ಮಲಕವ್ವ ತಲೆ ಅಲ್ಲಾಡಿಸಿದಳು. “ಕಾಣದ ಊರಿನ ಮಾತು ಹೇಳಿ ನನ್ನ ಕೂಡಸಬ್ಯಾಡ” ಎಂದು ಎದ್ದು ನಿಚ್ಚಣಿಕೆಯನ್ನು ತಾನೊಬ್ಬಳೇ ಹೊತ್ತುಕೊಂಡು ಹೋದಳು. ಉಳಿದ ಮೂವರು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ಪ್ಲೇಟಿನ ಕಡೆ ನೋಡಿದರು. ಇಬ್ಬರು ಅಂದೇ ಕೂತರು. ಜಾರಿ ನೇತಾಡಿದವಳು ವಾರ ಬಿಟ್ಟು ಬಂದಳು.

ಮಲಕವ್ವ ತನ್ನ ಕೆಲಸ ಬಿಡಲಿಲ್ಲ. ಕಾಗೆಯ ನೆರಳು ಬೇಡವೇ ಬೇಡ ಎನ್ನುವ ಮನೆಗಳು ಇದ್ದವು, ಅವರು ಅವಳನ್ನು ಕರೆಯುತ್ತಿದ್ದರು. ಆರು ಜನ ಮಾಡುತ್ತಿದ್ದ ಕೆಲಸವನ್ನು ಅವಳು ಒಬ್ಬಳೇ ಮಾಡುತ್ತಿದ್ದಳು. ತಾನೇ ನೀರು ಕಾಯಿಸಿ, ತಾನೇ ಹೊತ್ತು ಹತ್ತಿ, ತಾನೇ ತಿಕ್ಕುವುದು. ಹಗ್ಗ ಹಿಡಿಯಲು ಯಾರೂ ಇರಲಿಲ್ಲ. ದಾರಿಯಲ್ಲಿ ಎದುರಾದರೆ ನನ್ನನ್ನು ನೋಡದವಳಂತೆ ಹೋಗುತ್ತಿದ್ದಳು. ದಾನವ್ವಕ್ಕ ದಿನಕ್ಕೊಮ್ಮೆ ಕೇಳುತ್ತಿದ್ದಳು, “ಮಲಕಿ ಕಂಡ್ಲೇನು?” ಕಂಡಳು ಎಂದರೆ ಮುಂದೆ ಏನೂ ಕೇಳುತ್ತಿರಲಿಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ ನಾನು ಗಾಣದ ಓಣಿಯಲ್ಲಿ ಬರುತ್ತಿದ್ದೆ. ಎಣ್ಣೆ ಗಾಣದ ಮನೆಗೆ ನಿಚ್ಚಣಿಕೆ ಒರಗಿಸಿತ್ತು. ಮನೆಯವರು ಎಲ್ಲಿಗೋ ಹೋಗಿದ್ದರು, ಬಾಗಿಲಿಗೆ ಬೀಗ. ಮೇಲೆ ನೋಡಿದರೆ ಪತ್ರಾಸಿನ ನೆತ್ತಿಯಲ್ಲಿ ಮಲಕವ್ವ ಪ್ಲೇಟಿನ ಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕೂತಿದ್ದಳು. ಪ್ಲೇಟು ತೊಳೆದಾಗಿತ್ತು. ನೊರೆ ಒಣಗಿತ್ತು. ಅವಳ ನೆರಳು ಪತ್ರಾಸಿನ ಮೇಲೆ ಮೂರು ಕಡೆ ಅಂಟಿತ್ತು, ಒಂದಕ್ಕಿಂತ ಒಂದು ಉದ್ದ. ಅಂದರೆ ಸೂರ್ಯ ಅಷ್ಟು ಸರಿಯುವವರೆಗೂ ಅವಳು ಅಲ್ಲಿಯೇ ಕೂತಿದ್ದಾಳೆ.

“ಮಲಕಕ್ಕಾ, ಇಳದ ಬಾ.”

“ನೀ ಹೋಗು ನಿನ್ನ ಕೆಲಸಕ್ಕ. ನಾ ಸುಮ್ನ ಕುಂತೇನಿ.”

“ಎಷ್ಟೊತ್ತಾತು?”

ನಾನು ಚಪ್ಪಲಿ ಬಿಟ್ಟು ನಿಚ್ಚಣಿಕೆಗೆ ಕೈ ಹಚ್ಚಿದೆ. ಮೂರನೆಯ ಮೆಟ್ಟಿಲಲ್ಲಿ ನನ್ನ ಕಾಲು ಎಂದಿನಂತೆ ಕಟ್ಟಿತು. ಅಲ್ಲೇ ನಿಂತು ಕಣ್ಣು ಮುಚ್ಚಿ, ಇದು ಬರೀ ಮರದ ತುಂಡು, ಇದರ ಮೇಲೆ ಇನ್ನೊಂದು ಮರದ ತುಂಡು ಎಂದು ಹೇಳಿಕೊಂಡೆ. ನಾಲ್ಕನೆಯದಕ್ಕೆ ಕಾಲಿಟ್ಟೆ. ಪತ್ರಾಸಿನ ಮೇಲೆ ನಿಲ್ಲಲು ಧೈರ್ಯವಾಗದೆ ಹೊಟ್ಟೆಯ ಮೇಲೆ ಹರಿದುಕೊಂಡು ಹೋಗಿ ಅವಳ ಪಕ್ಕ ಕೂತೆ. ನಾನು ಹತ್ತಿರ ಕೂತ ಮೇಲೂ ಅವಳು ಪ್ಲೇಟಿನ ಕಾಲು ಬಿಡಲಿಲ್ಲ.

“ದಾನವ್ವ ಬಿದ್ದ ದಿನದಿಂದ ಹಿಂಗ,” ಎಂದಳು, ನನ್ನ ಕಡೆ ನೋಡದೆ. “ಹತ್ತೂತನಕ ಏನೂ ಇಲ್ಲ. ಇಳಿಯಾಕ ಅಂತ ತಿರುಗಿದೆ ಅಂದ್ರ ಕಾಲ ನನ್ನಾವಲ್ಲ. ದಿನಾ ಒಂದೊಂದ ತಾಸು ಹಿಂಗ ಕುಂದರತೇನಿ. ಇವತ್ತ ಅಂಜಿಕಿ ಹೋಗವಲ್ಲದು.”

“ಯಾರಿಗೂ ಹೇಳಿಲ್ಲೇನು?”

“ಯಾರಿಗೆ ಹೇಳ್ಲಿ? ನನ್ನ ಕೆಳಗ ನಿಂತಾವರ ಯಾರದಾರ?”

ಬಿಸಿಲು ಇಳಿಯುವವರೆಗೆ ಇಬ್ಬರೂ ಕೂತಿದ್ದೆವು. ಅವಳು ತನ್ನ ದೊಡ್ಡ ಮಗಳ ಬಾಣಂತನದ ವಿಷಯ ಹೇಳಿದಳು, ನಾನು ನನ್ನ ತಂಗಿಯ ಮದುವೆಯ ವಿಷಯ ಹೇಳಿದೆ. ಆಮೇಲೆ ನಾನು ಮೊದಲು ಇಳಿದು ನಿಚ್ಚಣಿಕೆಯ ಮೇಲೆ ನಿಂತು, ಅವಳ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ಮೆಟ್ಟಿಲಿಗೆ ಇಟ್ಟೆ. ಎಡ, ಬಲ, ಎಡ. ಹನ್ನೊಂದು ಮೆಟ್ಟಿಲು. ನೆಲ ಮುಟ್ಟಿದ ಮೇಲೆ ಅವಳು ಗೋಡೆಗೆ ಒರಗಿ ಕುಕ್ಕರಿಸಿ ಕೂತಳು. ಬಕೀಟಿನ ತಳದಲ್ಲಿ ಉಳಿದ ನೀರನ್ನು ಗಟಾರಕ್ಕೆ ಚೆಲ್ಲಿ, ಬಕೀಟು ಬೋರಲು ಹಾಕಿದಳು.

“ಒಂದು ಪ್ಲೇಟಿಗೆ ಎಷ್ಟೊತ್ತು ಹಿಡೀತೈತಿ?” ಎಂದು ಕೇಳಿದಳು.

“ಕಲಿಯೂತನಕ ಎರಡ ದಿನ. ಆಮ್ಯಾಲ ಒಂದು.”

“ದಾನವ್ವ ಏನರೆ ಅಂತಾಳೇನು? ಅವತ್ತ ಹಂಗ ಎದ್ದ ಬಂದೆ.”

“ಭಾಳ ಬೈತಾಳ.”

ಮಲಕವ್ವ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

“ಬೈತಾಳಂದ್ರ ಬರ್ತೇನಿ,” ಎಂದಳು.